ಅಲಸಂದೆ ಕಾಳಿನಷ್ಟು ಹುಳು, ಎರಡು ವರ್ಷದ ಕೆಲಸ

ನನ್ನ ಮೇಜಿನ ಮೇಲಿರುವ ಮರದ ಪೆಟ್ಟಿಗೆಯಲ್ಲಿ ಅರವತ್ತೊಂದು ಸೂಜಿಗಳಿವೆ. ಪ್ರತಿ ಸೂಜಿಗೂ ಒಂದು ತ್ರಿಕೋನದ ಕಾಗದದ ಚೂರು, ಅದರ ತುದಿಯಲ್ಲಿ ಅಲಸಂದೆ ಕಾಳಿನಷ್ಟು ದಪ್ಪದ ಒಂದು ಸೆಗಣಿ ಹುಳು. ಎಲ್ಲವೂ ಚಳ್ಳಕೆರೆ ತಾಲ್ಲೂಕಿನ ಒಂದೇ ಗೋಮಾಳದವು. ಇವುಗಳಿಗೆ ಇನ್ನೂ ಹೆಸರಿಲ್ಲ. ಹೆಸರಿಡುವ ಹಂತದವರೆಗೆ ಹೇಗೆ ಬಂದೆ, ಎಲ್ಲಿ ಎಡವಿದೆ, ಯಾವ ಉಪಕರಣವನ್ನು ಹೇಗೆ ಸರಿಪಡಿಸಿಕೊಂಡೆ ಎಂಬುದನ್ನೆಲ್ಲ ಟಿಪ್ಪಣಿ ಪುಸ್ತಕ ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ. ನಮ್ಮ ಜಿಲ್ಲೆಯಲ್ಲಿ ಇಂಥ ಕೆಲಸಕ್ಕೆ ಕೈ ಹಾಕಲು ಮನಸ್ಸಿದ್ದೂ ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದ ಮೇಷ್ಟರುಗಳು, ವಿದ್ಯಾರ್ಥಿಗಳು ಇದ್ದಾರೆ. ನಾನೂ ಹೈಸ್ಕೂಲಿನ ವಿಜ್ಞಾನದ ಮೇಷ್ಟರೇ. ಅವರಿಗೆ ಇದು ಉಪಯೋಗಕ್ಕೆ ಬರಲಿ.

ಪತ್ರಿಕೆಗಳಲ್ಲಿ ‘ಹೊಸ ಪ್ರಭೇದ ಪತ್ತೆ’ ಎಂಬ ತಲೆಬರಹ ನೋಡಿದಾಗ, ಯಾರೋ ಕಲ್ಲು ಎತ್ತಿದರು, ಅಡಿಯಲ್ಲಿ ಹೊಸ ಜೀವಿ ಸಿಕ್ಕಿತು ಎನ್ನಿಸುತ್ತದೆ. ನನ್ನ ಅನುಭವ ಹಾಗಿಲ್ಲ. ಹುಳು ಸಿಕ್ಕಿದ್ದು ಒಂದೇ ಬೆಳಗಿನಲ್ಲಿ. ಅದು ಹೊಸದು ಎಂದು ಹೇಳುವ ಧೈರ್ಯ ಬರಲು ಎರಡು ಮಳೆಗಾಲ ಬೇಕಾಯಿತು, ಮತ್ತು ಆ ಧೈರ್ಯ ಬಂದದ್ದು ಗೋಮಾಳದಲ್ಲಲ್ಲ, ಮೇಜಿನ ಮುಂದೆ.

ದೇವರ ಎತ್ತುಗಳ ಹಿಂದೆ

ಚಳ್ಳಕೆರೆ ರಾಜ್ಯದ ಅತ್ಯಂತ ಕಡಿಮೆ ಮಳೆಯ ತಾಲ್ಲೂಕುಗಳಲ್ಲಿ ಒಂದು. ಹೊರಗಿನವರ ಕಣ್ಣಿಗೆ ಇದು ಬರಡು ನೆಲ. ಆದರೆ ಮೈಸೂರು ಅರಸರ ಕಾಲದಲ್ಲಿ ಬೆಣ್ಣೆ ಚಾವಡಿ ಎನಿಸಿಕೊಂಡಿದ್ದ, ಟಿಪ್ಪುವಿನ ಕಾಲದಲ್ಲಿ ಅಮೃತ ಮಹಲ್ ಎಂಬ ಹೆಸರು ಪಡೆದ ದನಗಳು ಮೇಯ್ದದ್ದು ಇಂಥ ಕಾವಲುಗಳಲ್ಲೇ. ಆ ಕಾವಲುಗಳ ದೊಡ್ಡ ಪಾಲು ಈಗ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳ ಬೇಲಿಯೊಳಗೆ ಸೇರಿದೆ. ಬೇಲಿಯ ಹೊರಗೆ ಉಳಿದ ಹುಲ್ಲುಗಾವಲಿನಲ್ಲಿ ಕುರಿ ಮಂದೆಗಳೂ, ದನ ಕಾಯುವ ಸಮುದಾಯವಾದ ಮ್ಯಾಸನಾಯಕರ ದೇವರ ಎತ್ತುಗಳೂ ಮೇಯುತ್ತವೆ. ದೇವರ ಎತ್ತುಗಳಿಗೆ ನೊಗ ಕಟ್ಟುವುದಿಲ್ಲ, ಅವುಗಳನ್ನು ಮಾರುವುದಿಲ್ಲ. ಅವನ್ನು ಕಾಯುವವನು ಕಿಲಾರಿ.

ನಾನು ಆ ಮಂದೆಯನ್ನೇ ಹುಡುಕಿಕೊಂಡು ಹೋದದ್ದಕ್ಕೆ ಕಾರಣವಿದೆ. ದನಗಳಿಗೆ ಹೊಟ್ಟೆಹುಳುವಿಗೆಂದು ಐವರ್ಮೆಕ್ಟಿನ್ ಚುಚ್ಚಿದರೆ ಆ ಔಷಧಿಯ ಅಂಶ ಸೆಗಣಿಯಲ್ಲಿ ಹೊರಬೀಳುತ್ತದೆ. ಅದನ್ನು ತಿನ್ನುವ ಮರಿಹುಳುಗಳು ಸಾಯುತ್ತವೆ. ನಮ್ಮ ಊರಿನ ಹಾಲಿನ ಹಸುಗಳ ಕೊಟ್ಟಿಗೆಯ ಸುತ್ತ ಎರಡು ವರ್ಷ ಹುಡುಕಿ ನಾಲ್ಕೈದು ಬಗೆಯ ಸೆಗಣಿ ಹುಳುಗಳನ್ನಷ್ಟೇ ಕಂಡಿದ್ದೆ. ಕಿಲಾರಿ ತನ್ನ ಎತ್ತುಗಳಿಗೆ ಅಂಥ ಸೂಜಿ ಹಾಕಿಸಿಲ್ಲ ಎಂದಾಗ, ಇಲ್ಲಿ ಹುಳುಗಳು ಹೆಚ್ಚಿರಬೇಕೆಂದು ಅನ್ನಿಸಿತು. ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ಪತ್ರ ಬರೆದುಕೊಟ್ಟೆ. ಕಿಲಾರಿಯ ಒಪ್ಪಿಗೆ ಕೇಳಿದೆ. ಅವರು ಒಂದೇ ಮಾತು ಹೇಳಿದರು: ರೊಪ್ಪದೊಳಕ್ಕೆ ಚಪ್ಪಲಿ ಬೇಡ, ಹೊರಗಿನ ಗೋಮಾಳದಲ್ಲಿ ಏನು ಬೇಕಾದರೂ ಅಗೆದುಕೊಳ್ಳಿ. ಸಂರಕ್ಷಿತ ಅರಣ್ಯವಾದರೆ ಇಷ್ಟು ಸುಲಭವಲ್ಲ. ಜೋಗಿಮಟ್ಟಿಯಂಥ ಕಡೆ ಅರಣ್ಯ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಒಂದು ಹುಳುವನ್ನೂ ಎತ್ತಬಾರದು. ಇದನ್ನು ಮೊದಲ ದಿನವೇ ನೆನಪಿಟ್ಟುಕೊಳ್ಳಿ.

‘ಸಗಣಿಯವನೊಡನೆ ಸರಸಕ್ಕಿಂತ ಗಂಧದವನೊಡನೆ ಗುದ್ದಾಟ ಲೇಸು’ ಎಂಬ ಗಾದೆಯನ್ನು ಬಾಲ್ಯದಿಂದ ಕೇಳಿದ್ದೇನೆ. ಈಗ ಅದನ್ನು ಒಪ್ಪುವುದು ನನಗೆ ಕಷ್ಟ. ಸೆಗಣಿಯನ್ನು ನೆಲದೊಳಕ್ಕೆ ಸಾಗಿಸಿ ಮಣ್ಣಿಗೆ ಬೆರೆಸುವ ಈ ಹುಳುಗಳು ಇಲ್ಲದ ದೇಶದಲ್ಲಿ ಏನಾಗುತ್ತದೆಂದು ಆಸ್ಟ್ರೇಲಿಯಾ ಕಂಡಿತು. ಅಲ್ಲಿನ ಮೂಲ ಹುಳುಗಳು ಕಾಂಗರೂಗಳ ಒಣ ಹಿಕ್ಕೆಗೆ ಒಗ್ಗಿದ್ದವು, ದನದ ಸೆಗಣಿ ಮೇವಿನ ನೆಲದ ಮೇಲೆ ಹಾಗೆಯೇ ಒಣಗಿ ಕೂತಿತು, ನೊಣ ಹೆಚ್ಚಿದವು. 1968ರಿಂದ ಅವರು ಹೊರದೇಶಗಳ ಸೆಗಣಿ ಹುಳುಗಳನ್ನು ತರಿಸಿ ಬಿಡಬೇಕಾಯಿತು. ನಮಗೆ ಅವು ಪುಕ್ಕಟೆಯಾಗಿ ಬಂದಿವೆ, ಹೆಸರು ಕೂಡ ಕೇಳದೆ ತುಳಿಯುತ್ತಿದ್ದೇವೆ.

ಬಲೆ

2022ರ ರೋಹಿಣಿ ಮಳೆ ಒಂದು ಹದ ಬಿದ್ದ ಮರುದಿನ ಕೆಲಸ ಶುರುವಾಯಿತು. ಮೊದಲ ಮಳೆಗೆ ನೆಲ ಮೆತ್ತಗಾದಾಗಲೇ ಇವು ಮೇಲೆ ಬರುತ್ತವೆ. ಒಂದು ಲೀಟರಿನ ಐಸ್‌ಕ್ರೀಂ ಡಬ್ಬಿಗಳನ್ನು ಬಾಯಿ ನೆಲದ ಮಟ್ಟಕ್ಕೆ ಬರುವಂತೆ ಹೂಳಿದೆ. ಮೇಲೆ ದೊಡ್ಡ ಕಣ್ಣಿನ ತಂತಿಬಲೆಯ ತುಂಡು, ಅದರ ಮೇಲೆ ಹಸಿ ಸೆಗಣಿಯ ಮುದ್ದೆ. ಡಬ್ಬಿಯ ತಳದಲ್ಲಿ ಉಪ್ಪುನೀರು, ಎರಡು ಹನಿ ಸೋಪಿನ ದ್ರವ; ಸೋಪು ನೀರಿನ ಮೇಲ್ಮೈಯ ಬಿಗಿಯನ್ನು ಮುರಿಯುವುದರಿಂದ ಬಿದ್ದ ಹುಳು ತೇಲದೆ ಮುಳುಗುತ್ತದೆ. ಇಪ್ಪತ್ತನಾಲ್ಕು ಗಂಟೆಗಿಂತ ಹೆಚ್ಚು ಬಿಡಬಾರದು. ಒಮ್ಮೆ ಎರಡು ದಿನ ಬಿಟ್ಟು ಬಂದಾಗ ಡಬ್ಬಿಯಲ್ಲಿ ಉಳಿದದ್ದು ವಾಸನೆ ಮತ್ತು ಬಿಡಿ ಕಾಲುಗಳು.

ಬಲೆಗಿಂತ ನನಗೆ ಇಷ್ಟವಾದದ್ದು ಬಕೆಟ್ಟಿನ ವಿಧಾನ. ಅರ್ಧ ದಿನ ಹಳೆಯದಾದ ಸೆಗಣಿಯ ಗೊಪ್ಪೆಯನ್ನು ಅಡಿಯ ಮಣ್ಣಿನ ಸಮೇತ ಎತ್ತಿ ನೀರು ತುಂಬಿದ ಬಕೆಟ್ಟಿಗೆ ಹಾಕಿ ಕಲಕಿದರೆ, ಹತ್ತು ನಿಮಿಷದಲ್ಲಿ ಹುಳುಗಳು ಒಂದೊಂದಾಗಿ ಮೇಲೆ ತೇಲುತ್ತವೆ. ಯಾವ ಹುಳು ಯಾವ ಗೊಪ್ಪೆಯಲ್ಲಿ ಯಾರ ಜೊತೆ ಇತ್ತೆಂದು ತಿಳಿಯುತ್ತದೆ. ಬೇಡವಾದವನ್ನು ಬದುಕಿರುವಾಗಲೇ ಬಿಟ್ಟುಬಿಡಬಹುದು.

ಮೊದಲ ವರ್ಷ ಸಿಕ್ಕ ಮಾದರಿಗಳನ್ನು ಇರುವೆಗಳು ತಿಂದವು. ಒಣಗಲೆಂದು ಥರ್ಮಾಕೋಲ್ ಹಾಳೆಯ ಮೇಲೆ ಚುಚ್ಚಿಟ್ಟಿದ್ದೆ, ಬೆಳಿಗ್ಗೆ ನೋಡಿದರೆ ಹೊಟ್ಟೆಯ ಭಾಗವೆಲ್ಲ ಟೊಳ್ಳು. ಮುಂದೆ ಗುರುತಿಗೆ ಬೇಕಾದ ಮುಖ್ಯ ಅಂಗ ಇರುವುದೇ ಅಲ್ಲಿ. ಆವತ್ತಿನಿಂದ ಮೇಜಿನ ನಾಲ್ಕೂ ಕಾಲುಗಳು ನೀರಿನ ಬಟ್ಟಲಲ್ಲಿ ನಿಂತಿವೆ, ಪೆಟ್ಟಿಗೆಯ ಮೂಲೆಯಲ್ಲಿ ನ್ಯಾಫ್ತಲೀನ್ ಗುಳಿಗೆ ಇದೆ.

ಇಷ್ಟು ಸಣ್ಣ ಹುಳುವಿಗೆ ನೇರವಾಗಿ ಸೂಜಿ ಚುಚ್ಚಿದರೆ ಎದೆ ಒಡೆಯುತ್ತದೆ. ಅದಕ್ಕೇ ತ್ರಿಕೋನದ ಕಾಗದ: ತುದಿಯನ್ನು ತುಸು ಬಗ್ಗಿಸಿ, ಹುಳುವಿನ ಬಲಬದಿಗೆ ಅಂಟಿಸುವುದು. ಮೊದಲು ಮರಗೆಲಸದ ಬಿಳಿ ಅಂಟು ಬಳಸಿದೆ. ಆರು ತಿಂಗಳ ನಂತರ ಒಂದನ್ನು ಬಿಡಿಸಹೋದಾಗ ಮಧ್ಯದ ಕಾಲು ಅಂಟಿನ ಜೊತೆಗೇ ಕಿತ್ತು ಬಂತು. ನೀರಿಗೆ ಕರಗದ ಅಂಟನ್ನು ಯಾವತ್ತೂ ಬಳಸಬಾರದು. ನಾನು ಗೋಂದು ಹುಡುಕುತ್ತಿದ್ದೇನೆಂದು ತಿಳಿದ ಕಿಲಾರಿ ಒಂದು ದಿನ ಕರಿಜಾಲಿ ಮರದ ಅಂಟನ್ನು ಎಲೆಯಲ್ಲಿ ಕಟ್ಟಿ ತಂದುಕೊಟ್ಟರು. ನೀರಲ್ಲಿ ನೆನೆಸಿ, ಬಟ್ಟೆಯಲ್ಲಿ ಸೋಸಿ, ಬೂಸು ಹಿಡಿಯದಂತೆ ಒಂದು ಹರಳು ಥೈಮಾಲ್ ಹಾಕಿದೆ. ಈಗಿನ ಅರವತ್ತೊಂದೂ ನಿಂತಿರುವುದು ಆ ಅಂಟಿನ ಮೇಲೆ. ಒಂದು ಹನಿ ಬಿಸಿನೀರು ಬಿಟ್ಟರೆ ಹುಳು ಮೆಲ್ಲಗೆ ಕಳಚಿಕೊಳ್ಳುತ್ತದೆ.

ಸೂಕ್ಷ್ಮದರ್ಶಕದ ರಿಪೇರಿ

ಇಡೀ ಕೆಲಸದಲ್ಲಿ ನನಗೆ ಹೆಚ್ಚು ಕಲಿಸಿದ್ದು ಇದು. ದಾವಣಗೆರೆಯ ಒಂದು ಗುಜರಿಯಲ್ಲಿ 1,800 ರೂಪಾಯಿಗೆ ಹಳೆಯ ಸ್ಟೀರಿಯೋ ಸೂಕ್ಷ್ಮದರ್ಶಕ ಸಿಕ್ಕಿತು. ಎರಡೂ ಕಣ್ಣಿನಿಂದ ನೋಡಿ ಆಳವನ್ನು ತಿಳಿಯಬಹುದಾದ ಬಗೆ ಇದು. ತರಗತಿಯಲ್ಲಿ ಈರುಳ್ಳಿ ಸಿಪ್ಪೆ ತೋರಿಸುವ ಸೂಕ್ಷ್ಮದರ್ಶಕದ ಕೆಳಗೆ ಇಡೀ ಹುಳುವನ್ನು ಇಟ್ಟು ಕೆಲಸ ಮಾಡಲಾಗದು. ಇದರಲ್ಲಿ ಮೂರು ದೋಷಗಳಿದ್ದವು. ಫೋಕಸ್ ತಿರುಪು ಅಲುಗಾಡುತ್ತಿರಲಿಲ್ಲ. ಎಡಗಡೆಯ ಮಸೂರದಲ್ಲಿ ಬೂಸು ಜೇಡರ ಬಲೆಯಂತೆ ಹರಡಿತ್ತು. ಎಲ್ಲಕ್ಕಿಂತ ಕೆಟ್ಟದ್ದು, ಒಂದು ಹುಳು ಎರಡಾಗಿ ಕಾಣುತ್ತಿತ್ತು.

ತಿರುಪನ್ನು ಬಿಚ್ಚಿದಾಗ ಹಲ್ಲುಪಟ್ಟಿಯ ಮೇಲಿನ ಗ್ರೀಸ್ ಹಳೆಯ ಬೆಲ್ಲದಂತೆ ಗಟ್ಟಿಯಾಗಿತ್ತು. ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಹಲ್ಲುಹಲ್ಲಾಗಿ ತೊಳೆದೆ. ಹೊಸ ಗ್ರೀಸನ್ನು ಬಹಳ ತೆಳುವಾಗಿ ಸವರಬೇಕು. ಹೆಚ್ಚಾದರೆ ಟ್ಯೂಬು ತನ್ನಷ್ಟಕ್ಕೆ ಕೆಳಗೆ ಜಾರಿ ಹುಳುವಿನ ಮೇಲೆ ಕೂರುತ್ತದೆ. ಬೂಸಿಗೆ ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಅಮೋನಿಯಾ ದ್ರಾವಣವನ್ನು ಸಮನಾಗಿ ಬೆರೆಸಿ, ಹತ್ತಿಯ ತುದಿಯಿಂದ ನಡುವಿನಿಂದ ಅಂಚಿಗೆ ಸುತ್ತುತ್ತಾ ಒರೆಸಿದೆ. ಕಿಟಕಿ ತೆರೆದಿಟ್ಟು ಮಾಡುವ ಕೆಲಸ. ಬೂಸು ಹೋಯಿತು, ಅದು ಗಾಜನ್ನು ಕೊರೆದ ಒಂದೆರಡು ಗೆರೆ ಉಳಿದವು. ನೋಟಕ್ಕೆ ಅಡ್ಡಿಯಿಲ್ಲ.

ಎರಡಾಗಿ ಕಾಣುವ ದೋಷಕ್ಕೆ ಮೂರು ಸಂಜೆ ಹಿಡಿಯಿತು. ಒಳಗಿನ ಒಂದು ಪ್ರಿಸಂ ಜಾಗ ಬಿಟ್ಟು ಅಲುಗಿತ್ತು. ಅದನ್ನು ಹಿಡಿದಿರುವ ತಿರುಪುಮೊಳೆಗಳು ನನ್ನ ಯಾವ ಸ್ಕ್ರೂಡ್ರೈವರಿಗೂ ಸಿಗದಷ್ಟು ಸಣ್ಣವು. ಬಸ್ ನಿಲ್ದಾಣದ ಹತ್ತಿರ ಗಡಿಯಾರ ರಿಪೇರಿ ಮಾಡುವ ಹಿರಿಯರೊಬ್ಬರು ತಮ್ಮ ಡ್ರೈವರನ್ನು ಕೈಗೆ ಕೊಟ್ಟರಷ್ಟೇ ಅಲ್ಲ, ಅಂಗಡಿ ಮುಚ್ಚಿದ ಮೇಲೆ ಮನೆಗೇ ಬಂದು ಕೂತರು. ಗ್ರಾಫ್ ಹಾಳೆಯ ಮೇಲೆ ಕೆಂಪು ಶಾಯಿಯಲ್ಲಿ ಒಂದು ಅಡ್ಡಗೆರೆ, ಒಂದು ಉದ್ದಗೆರೆ ಎಳೆದು ಕೆಳಗಿಟ್ಟೆವು. ಬಲಗಣ್ಣಿಗೆ ಗೆರೆಗಳು ಕೂಡುವ ಬಿಂದು ವೃತ್ತದ ನಡುವೆ ಇತ್ತು, ಎಡಗಣ್ಣಿಗೆ ಎರಡು ಚೌಕ ಕೆಳಗೆ. ಅವರು ಮೊಳೆಯನ್ನು ಕೂದಲೆಳೆಯಷ್ಟು ಸಡಿಲಿಸಿದರು, ನಾನು ನೋಡುತ್ತಾ ಹೇಳಿದೆ: ಇನ್ನೂ ಕೆಳಗಿದೆ, ಇನ್ನೂ, ದಾಟಿತು, ಹಿಂದೆ. ರಾತ್ರಿ ಹತ್ತರ ಹೊತ್ತಿಗೆ ಎರಡು ಕೆಂಪು ಗೆರೆಗಳು ಒಂದರೊಳಗೊಂದು ಸೇರಿಕೊಂಡವು. ಹುಳುವನ್ನು ಇಟ್ಟು ನೋಡಿದಾಗ ಅದರ ಎದೆಯ ಇಳಿಜಾರು, ಕೊಂಬಿನ ನೆರಳು ಎಲ್ಲವೂ ಆಳದೊಂದಿಗೆ ಎದ್ದು ನಿಂತವು. ಹಿರಿಯರು ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ.

ಅಳತೆಗೆ ಕಣ್ಣುಮಸೂರದಲ್ಲಿ ನೂರು ಮನೆಗಳ ಗಾಜಿನ ಅಳತೆಪಟ್ಟಿ ಕೂರಿಸಿದೆ. ಅದರ ಮನೆಗೆ ತನ್ನದೇ ಬೆಲೆ ಇಲ್ಲ. ಒಂದು ಮಿಲಿಮೀಟರನ್ನು ನೂರು ಭಾಗ ಮಾಡಿ ಕೆತ್ತಿದ ಸ್ಲೈಡನ್ನು ಕೆಳಗಿಟ್ಟು ಹೋಲಿಸಬೇಕು. ನನ್ನ ಜೋಡಣೆಯಲ್ಲಿ ನಲವತ್ತು ಮನೆಗೆ ಒಂದು ಮಿಲಿಮೀಟರ್, ಅಂದರೆ ಒಂದು ಮನೆಗೆ 0.025. ವರ್ಧನೆ ಬದಲಿಸಿದಾಗಲೆಲ್ಲ ಮತ್ತೆ ಹೋಲಿಸಬೇಕು. ಇದನ್ನು ಮರೆತು ಅಳೆದ ಹನ್ನೊಂದು ಹುಳುಗಳ ಪಟ್ಟಿಯನ್ನು ಹರಿದುಹಾಕಿ ಮೊದಲಿನಿಂದ ಅಳೆದೆ.

ಕುಲದವರೆಗೆ ಸುಲಭ, ಆಮೇಲೆ ಕಷ್ಟ

ಕುಲ ಗುರುತಿಸುವುದು ಒಂದು ಸಂಜೆಯ ಕೆಲಸ. ಹಿಂಗಾಲಿನ ಕಣಕಾಲ ತುದಿಯಲ್ಲಿ ಒಂದೇ ಮುಳ್ಳು. ಸೆಗಣಿ ಹುಳುಗಳ ಇನ್ನೊಂದು ಗುಂಪಾದ ಆಫೋಡಿಯಸ್ ಬಳಗವಾದರೆ ಎರಡಿರುತ್ತಿದ್ದವು. ಮಧ್ಯದ ಕಾಲುಗಳ ಬುಡಗಳು ಒಂದಕ್ಕೊಂದು ದೂರ. ರೆಕ್ಕೆಗವಚಗಳು ಎದೆಗೆ ಸೇರುವ ಕಡೆ ಸಾಮಾನ್ಯವಾಗಿ ಕಾಣುವ ಪುಟ್ಟ ತ್ರಿಕೋನ ಇಲ್ಲಿ ಕಾಣುವುದಿಲ್ಲ. ಮುಂಗಾಲಿನ ಹೊರ ಅಂಚಿನಲ್ಲಿ ನಾಲ್ಕು ಹಲ್ಲು. ಆಂಥೋಫೇಗಸ್. ಗ್ರೀಕಿನಲ್ಲಿ ಸೆಗಣಿ ತಿನ್ನುವುದು ಎಂದೇ ಅರ್ಥ. 1802ರಲ್ಲಿ ಫ್ರೆಂಚ್ ಕೀಟತಜ್ಞ ಲಾಟ್ರೇಲ್ ಇಟ್ಟ ಹೆಸರು. ಕಷ್ಟ ಇಲ್ಲಿಂದ ಆರಂಭ. ಈ ಒಂದು ಕುಲದಲ್ಲೇ ಎರಡು ಸಾವಿರಕ್ಕೂ ಹೆಚ್ಚು ಪ್ರಭೇದಗಳಿಗೆ ಹೆಸರಿದೆ. ಪ್ರಾಣಿಗಳಲ್ಲೇ ಅತಿ ದೊಡ್ಡ ಕುಲಗಳಲ್ಲಿ ಇದೂ ಒಂದು.

ಭಾರತದ ಸೆಗಣಿ ಹುಳುಗಳಿಗೆ ಇವತ್ತಿಗೂ ಆಧಾರ, ಜಿ. ಜೆ. ಆ್ಯರೋ 1931ರಲ್ಲಿ ಬ್ರಿಟಿಷ್ ಇಂಡಿಯಾದ ಪ್ರಾಣಿಮಾಲಿಕೆಗಾಗಿ ಬರೆದ ಸಂಪುಟ. ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಕವಲುದಾರಿಯಂತೆ ಪ್ರಶ್ನೆಗಳಿರುತ್ತವೆ: ಎದೆಗವಚದ ಮೇಲೆ ಕೂದಲಿದೆಯೇ, ಇಲ್ಲವೇ? ಇದ್ದರೆ ಇತ್ತ, ಇಲ್ಲದಿದ್ದರೆ ಅತ್ತ. ನನ್ನ ಹುಳು ಒಂದು ಕವಲಿನವರೆಗೆ ಸರಾಗವಾಗಿ ಹೋಯಿತು. ಅಲ್ಲಿ ಎರಡು ದಾರಿಯೂ ಒಪ್ಪಲಿಲ್ಲ. ಇದರಿಂದಲೇ ಹೊಸದು ಎಂದು ಹಿಗ್ಗಬಾರದು. ನಾನು ಹಿಂದಿನ ಪ್ರಶ್ನೆಯಲ್ಲೇ ತಪ್ಪಿರಬಹುದು. 1931ರ ನಂತರ ಯಾರೋ ವಿವರಿಸಿರಬಹುದು. ಬೇರೆ ದೇಶದಲ್ಲಿ ಬೇರೆ ಹೆಸರಿನಲ್ಲಿ ಇದೇ ಹುಳು ಇರಬಹುದು. ಬಾಲ್ತಸಾರ್ 1963ರಲ್ಲಿ ಜರ್ಮನ್ ಭಾಷೆಯಲ್ಲಿ ಬರೆದ ದೊಡ್ಡ ಗ್ರಂಥವನ್ನು ಮೊಬೈಲಿನ ಅನುವಾದದ ಸಹಾಯದಿಂದ ಪುಟಪುಟವಾಗಿ ಓದಿದೆ. ಆಮೇಲೆ ಬಂದ ಲೇಖನಗಳನ್ನು ಒಂದೊಂದಾಗಿ ತರಿಸಿಕೊಂಡೆ. ಹತ್ತಿರದ್ದೆನಿಸಿದ ಎರಡು ಪ್ರಭೇದಗಳ ಮಾದರಿಗಳನ್ನು ಬೆಂಗಳೂರಿನ ಸಂಗ್ರಹದಲ್ಲಿ ಕೂತು ನೋಡಿದೆ. ಭಾರತದ ಎಷ್ಟೋ ಹುಳುಗಳ ಮೂಲ ಮಾದರಿಗಳಿರುವುದು ಲಂಡನ್, ಪ್ಯಾರಿಸ್ಸಿನ ಸಂಗ್ರಹಾಲಯಗಳಲ್ಲಿ. ಅವುಗಳ ಚಿತ್ರ ಕೇಳಿ ಪತ್ರ ಬರೆದು ಕಾಯಬೇಕು. ಈ ಹಂತಕ್ಕೇ ಎಂಟು ತಿಂಗಳು ಹೋಯಿತು.

ಏಳನೆಯದೂ ಹನ್ನೊಂದನೆಯದೂ

ನನ್ನ ದೊಡ್ಡ ತಪ್ಪು ಇಲ್ಲಿ. ಒಂದೇ ಗೋಮಾಳದಿಂದ ನನಗೆ ಎರಡು ಬಗೆಯ ಗಂಡು ಹುಳುಗಳು ಸಿಕ್ಕಿದ್ದವು. ಟಿಪ್ಪಣಿಯಲ್ಲಿ ಅವು ‘ಹುಳು 7’ ಮತ್ತು ‘ಹುಳು 11’. ಏಳನೆಯದಕ್ಕೆ ನೆತ್ತಿಯ ಹಿಂದೆ ಎತ್ತಿನ ಕೊಂಬಿನಂತೆ ಬಾಗಿದ ಎರಡು ಕೊಂಬು. ಹನ್ನೊಂದನೆಯದು ಸಣ್ಣದು, ಕೊಂಬಿನ ಜಾಗದಲ್ಲಿ ಬರೀ ಒಂದು ಏಣು. ಎರಡೂ ಆ್ಯರೋ ಅವರ ಪುಸ್ತಕದಲ್ಲಿರಲಿಲ್ಲ. ಎರಡು ಹೊಸ ಪ್ರಭೇದ ಎಂದು ದಪ್ಪ ಅಕ್ಷರದಲ್ಲಿ ಬರೆದಿಟ್ಟೆ, ಎರಡಕ್ಕೂ ಮನಸ್ಸಿನಲ್ಲಿ ಹೆಸರನ್ನೂ ಕೊಟ್ಟೆ.

ಗಂಡಿನ ಜನನಾಂಗವನ್ನು ತೆಗೆದು ನೋಡದೆ ಆಂಥೋಫೇಗಸ್ ಬಗ್ಗೆ ಯಾವ ಮಾತನ್ನೂ ಹೇಳಬಾರದು ಎಂದು ಓದಿದ್ದೆ, ಕೈ ನಡುಗುತ್ತದೆಂದು ಮುಂದೂಡಿದ್ದೆ. ಕೊನೆಗೂ ಕೂತೆ. ಹುಳುವನ್ನು ಬಿಸಿನೀರಿನಲ್ಲಿ ಅರ್ಧ ಗಂಟೆ ಮೆತ್ತಗೆ ಮಾಡಿ, ಹೊಟ್ಟೆಯ ತುದಿಯ ಫಲಕವನ್ನು ತುಸು ಎತ್ತಿ, ತುದಿ ಬಗ್ಗಿಸಿದ ಅತಿ ಸಣ್ಣ ಸೂಜಿಯಿಂದ ಒಳಗಿನ ಕಂದು ಕೊಳವೆಯನ್ನು ಎಳೆಯಬೇಕು. ಎಳೆಯುವುದು ಎನ್ನುವುದಕ್ಕಿಂತ ಒಲಿಸಿಕೊಳ್ಳುವುದು ಎನ್ನಬೇಕು. ಶೇಕಡಾ 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಬೆಚ್ಚಗೆ ಕೆಲವು ನಿಮಿಷ ಇಟ್ಟರೆ ಮಾಂಸ ಕರಗಿ ಗಟ್ಟಿ ಭಾಗ ಮಾತ್ರ ಉಳಿಯುತ್ತದೆ. ನೀರು, ಒಂದು ಹನಿ ವಿನೆಗರ್, ಆಮೇಲೆ ಗ್ಲಿಸರಿನ್. ತುದಿಯಲ್ಲಿರುವ ಎರಡು ಎಲೆಯಂಥ ಭಾಗಗಳಿಗೆ ಪ್ಯಾರಾಮೀರ್ ಎನ್ನುತ್ತಾರೆ. ಪ್ರಭೇದದಿಂದ ಪ್ರಭೇದಕ್ಕೆ ಅವುಗಳ ಆಕಾರ ಬದಲಾಗುತ್ತದೆ.

ಏಳನೆಯದರ ಪ್ಯಾರಾಮೀರ್ ತುದಿ ಕುಡುಗೋಲಿನಂತೆ ಕೆಳಗೆ ಬಾಗಿತ್ತು, ಬುಡದ ಹತ್ತಿರ ಒಂದು ಗಂಟು. ಹನ್ನೊಂದನೆಯದನ್ನು ಪಕ್ಕದಲ್ಲಿಟ್ಟೆ. ಅದೇ ಕುಡುಗೋಲು, ಅದೇ ಗಂಟು. ಎರಡರ ರೇಖಾಚಿತ್ರ ಬರೆದು ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದೆ. ಗೆರೆಗೆ ಗೆರೆ ಕೂತಿತು.

ಆಮೇಲೆ ಗ್ರಾಫ್ ಹಾಳೆ ತೆಗೆದುಕೊಂಡು ಮೂವತ್ತನಾಲ್ಕೂ ಗಂಡುಗಳ ಎದೆಯ ಅಗಲವನ್ನು ಅಡ್ಡಕ್ಕೂ ಕೊಂಬಿನ ಉದ್ದವನ್ನು ಮೇಲಕ್ಕೂ ಗುರುತಿಸಿದೆ. ಸಣ್ಣ ಹುಳುಗಳ ಚುಕ್ಕಿಗಳು ನೆಲದಲ್ಲೇ ಸಾಲಾಗಿ ನಡೆದು, ಒಂದು ಗಾತ್ರ ದಾಟುತ್ತಿದ್ದಂತೆ ಏಣಿ ಹತ್ತಿದ ಹಾಗೆ ಮೇಲೇರಿ, ಮತ್ತೆ ಚಪ್ಪಟೆಯಾದವು. ಮಧ್ಯದ ಏರಿನಲ್ಲಿ ಮೂರೇ ಹುಳುಗಳು, ಗಿಡ್ಡ ಕೊಂಬಿನವು. ಆಂಥೋಫೇಗಸ್‌ನಲ್ಲಿ ಇದು ಗೊತ್ತಿರುವ ಸಂಗತಿಯೇ: ತಾಯಿ ನೆಲದೊಳಗೆ ಕಟ್ಟಿಟ್ಟ ಸೆಗಣಿಯ ಉಂಡೆ ದೊಡ್ಡದಿದ್ದರೆ ಮಗನ ಮೈ ಬೆಳೆದು ಕೊಂಬು ಬರುತ್ತದೆ, ಉಂಡೆ ಸಣ್ಣದಾದರೆ ಕೊಂಬಿಲ್ಲ. ಕೊಂಬಿನ ಗಂಡು ಬಿಲದ ಬಾಯಲ್ಲಿ ನಿಂತು ಕಾದಾಡುತ್ತದೆ. ಕೊಂಬಿಲ್ಲದ್ದು ಕಣ್ಣು ತಪ್ಪಿಸಿ ಒಳಗೆ ನುಸುಳುತ್ತದೆ. ನಾನು ಎರಡು ಪ್ರಭೇದವೆಂದು ಕರೆದದ್ದು ಒಂದೇ ತಾಯಿಯ ಮಕ್ಕಳಾಗಿರಬಹುದಿತ್ತು.

ಒಂದು ರಾತ್ರಿ ಬೇಸರವಾದದ್ದು ನಿಜ. ಆದರೆ ಆ ಹಾಳೆಯನ್ನು ನಾನು ಇನ್ನೂ ಮೇಜಿನ ಮೇಲೆ ಅಂಟಿಸಿಕೊಂಡಿದ್ದೇನೆ. ಮಾದರಿ ಒಂದೆರಡೇ ಇದ್ದಿದ್ದರೆ ತಪ್ಪಾದ ಎರಡು ಹೆಸರುಗಳನ್ನು ಜಗತ್ತಿಗೆ ಸೇರಿಸಿ, ಅದನ್ನು ಬಿಡಿಸುವ ಕೆಲಸವನ್ನು ಇನ್ನಾರಿಗೋ ಬಿಟ್ಟುಹೋಗುತ್ತಿದ್ದೆ.

ಚಿತ್ರ ತೆಗೆಯುವ ಜೋಡಣೆ

ಇದನ್ನು ಚಿಕ್ಕದಾಗಿ ಹೇಳುತ್ತೇನೆ. ನಾಲ್ಕು ಪಟ್ಟು ಹಿಗ್ಗಿಸುವ ಮಸೂರದಲ್ಲಿ ಒಮ್ಮೆಗೆ ಸ್ಪಷ್ಟವಾಗಿ ಕಾಣುವ ದಪ್ಪ ಸುಮಾರು 50 ಮೈಕ್ರಾನ್ ಮಾತ್ರ (ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್). ಕೊಂಬು ಸ್ಪಷ್ಟವಾದರೆ ಕಾಲು ಮಸುಕು. ಹಾಗಾಗಿ ಹುಳುವನ್ನು ಹಂತಹಂತವಾಗಿ ಸರಿಸುತ್ತಾ ಹಲವು ಚಿತ್ರ ತೆಗೆದು, ಸ್ಪಷ್ಟ ಭಾಗಗಳನ್ನು ತಂತ್ರಾಂಶದಲ್ಲಿ ಒಂದಾಗಿಸಬೇಕು. ಸರಿಸುವ ಯಂತ್ರ ದುಬಾರಿ. ಕಣ್ಣುಮಸೂರ ಕಳೆದುಹೋದ ಒಂದು ಸಾಮಾನ್ಯ ಸೂಕ್ಷ್ಮದರ್ಶಕದ ಒಡಲನ್ನೇ ಬಳಸಿದೆ. ಅದರ ಸೂಕ್ಷ್ಮ ತಿರುಪಿನ ಒಂದು ಗೆರೆಗೆ 2 ಮೈಕ್ರಾನ್. ಇಪ್ಪತ್ತು ಗೆರೆ ತಿರುಗಿಸಿ ಒಂದು ಚಿತ್ರ. ಎರಡೂವರೆ ಮಿಲಿಮೀಟರ್ ಎತ್ತರದ ಹುಳುವಿಗೆ ಅರವತ್ತಮೂರು ಚಿತ್ರ.

ಹೊಳೆಯುವ ಮೈಗೆ ನೇರ ಬೆಳಕು ಬಿದ್ದರೆ ಬಿಳಿ ಕಲೆಗಳು ಚುಕ್ಕಿಗುಳಿಗಳನ್ನೆಲ್ಲ ನುಂಗುತ್ತವೆ. ಥರ್ಮಾಕೋಲ್ ಲೋಟದ ತಳ ಕತ್ತರಿಸಿ ಹುಳುವಿನ ಮೇಲೆ ಬೋರಲು ಹಾಕಿ, ಸುತ್ತ ಎಲ್‌ಇಡಿ ಪಟ್ಟಿ ಸುತ್ತಿದೆ. ಮೋಡದ ದಿನದ ಬೆಳಕಿನಂತೆ ಹದವಾಯಿತು. ಹೆದ್ದಾರಿಯಲ್ಲಿ ಲಾರಿ ಹೋದಾಗಲೆಲ್ಲ ಚಿತ್ರ ಅಲುಗುತ್ತಿತ್ತು. ಮೇಜಿನ ಮೇಲೆ ಸೈಕಲ್ ಟ್ಯೂಬಿಗೆ ಅರ್ಧ ಗಾಳಿ ತುಂಬಿ, ಅದರ ಮೇಲೆ ಕಡಪ ಕಲ್ಲು ಇಟ್ಟು, ಕಲ್ಲಿನ ಮೇಲೆ ಜೋಡಣೆ ಇಟ್ಟ ಮೇಲೆ ನಿಂತಿತು.

ಮೊದಲು ಕನ್ನಡದಲ್ಲಿ

ಪ್ರಭೇದವನ್ನು ವಿವರಿಸುವುದೆಂದರೆ, ನನ್ನ ಹುಳುವನ್ನು ಎಂದೂ ನೋಡದ ಒಬ್ಬ ವ್ಯಕ್ತಿ ಇನ್ನೊಂದು ದೇಶದಲ್ಲಿ ಕೂತು, ತನ್ನ ಮುಂದಿರುವ ಹುಳು ಇದೇ ಹೌದೋ ಅಲ್ಲವೋ ಎಂದು ನಿರ್ಧರಿಸುವಂತೆ ಮಾತಿನಲ್ಲಿ ಹೇಳುವುದು. ಇಂಗ್ಲಿಷಿನಲ್ಲಿ ಬರೆಯಲು ಕೂತಾಗ ನಾನು ಹಳೆಯ ಲೇಖನಗಳ ವಾಕ್ಯಗಳನ್ನೇ ಮತ್ತೆ ಜೋಡಿಸುತ್ತಿದ್ದೆ, ಹುಳುವಿನತ್ತ ನೋಡುತ್ತಲೇ ಇರಲಿಲ್ಲ. ಬಿಟ್ಟು ಕನ್ನಡದಲ್ಲಿ ಬರೆದೆ. ಕನ್ನಡದಲ್ಲಿ ಎರವಲು ತರಲು ಸಿದ್ಧ ವಾಕ್ಯಗಳಿರಲಿಲ್ಲ, ಪ್ರತಿ ಮಾತಿಗೂ ಮಸೂರದೊಳಗೆ ಇಣುಕಲೇಬೇಕಾಯಿತು.

ಮೊದಲ ಕರಡಿನಲ್ಲಿ ‘ಎದೆಗವಚದ ಮೇಲೆ ದಟ್ಟವಾದ ಚುಕ್ಕಿಗುಳಿಗಳಿವೆ’ ಎಂದು ಬರೆದಿದ್ದೆ. ಪರೀಕ್ಷಿಸೋಣವೆಂದು, ಬಿಡುವಿನಲ್ಲಿ ಹುಳು ನೋಡಲು ಬರುವ ಹತ್ತನೇ ತರಗತಿಯ ಹುಡುಗಿಯ ಕೈಗೆ ಆ ಕರಡನ್ನು ಕೊಟ್ಟು, ಬೇರೆ ಬೇರೆ ಪ್ರಭೇದಗಳ ಹನ್ನೆರಡು ಹುಳುಗಳನ್ನು ಮುಂದಿಟ್ಟು, ಇದರಲ್ಲಿ ನಾನು ಬರೆದದ್ದು ಯಾವುದು ಆರಿಸು ಎಂದೆ. ಅವಳು ಬೇರೆಯದನ್ನು ಆರಿಸಿದಳು. ಯಾಕೆ ಎಂದರೆ, ‘ಇದರಲ್ಲೂ ದಟ್ಟವಾಗಿದೆಯಲ್ಲ ಸಾರ್’ ಎಂದಳು. ಅವಳದು ಸರಿ. ಕೂತು ಎಣಿಸಿದೆ. ಈಗಿನ ವಾಕ್ಯ ಹೀಗಿದೆ: ‘ಎದೆಗವಚದ ನಡುಭಾಗದಲ್ಲಿ ಎರಡು ಗುಳಿಗಳ ನಡುವಿನ ಅಂತರ ಒಂದು ಗುಳಿಯ ಅಡ್ಡಳತೆಯ ಎರಡರಷ್ಟು, ಬದಿಗಳಲ್ಲಿ ಅಡ್ಡಳತೆಯಷ್ಟೇ. ಬದಿಯ ಪ್ರತಿ ಗುಳಿಯಿಂದ ಹಿಂದಕ್ಕೆ ಬಾಗಿದ ಒಂದು ಹಳದಿ ಕೂದಲು ಹೊರಟಿದೆ, ನಡುವಿನ ಗುಳಿಗಳಿಗೆ ಕೂದಲಿಲ್ಲ.’

ಎರಡನೆಯ ಸಲವೂ ಅವಳು ತಪ್ಪಿದಳು. ‘ಕೊಂಬು ಬಾಗಿದೆ ಅಂದರೆ ಎತ್ತ, ಎಷ್ಟು?’ ಎಂದು ಕೇಳಿದಳು. ಆ ಸಾಲನ್ನೂ ತಿದ್ದಿದೆ: ‘ದೊಡ್ಡ ಗಂಡಿನ ಕೊಂಬುಗಳು ಬುಡದಲ್ಲಿ ಚಪ್ಪಟೆ, ಮೊದಲು ಹೊರಕ್ಕೆ ಬಾಗಿ, ತುದಿಯ ಮೂರನೇ ಒಂದು ಭಾಗದಲ್ಲಿ ಒಳಕ್ಕೆ ತಿರುಗಿವೆ, ತುದಿಗಳ ನಡುವಿನ ಅಂತರ ಬುಡಗಳ ನಡುವಿನ ಅಂತರಕ್ಕಿಂತ ಕಡಿಮೆ.’ ಮೂರನೆಯ ಸಲ ಅವಳು ಅರ್ಧ ನಿಮಿಷದಲ್ಲಿ ಸರಿಯಾದ ಹುಳುವಿನ ಸೂಜಿಯನ್ನು ಹಿಡಿದೆತ್ತಿದಳು. ಆ ಮಧ್ಯಾಹ್ನದ ಸಂತೋಷಕ್ಕೆ ಸಮನಾದದ್ದು ಈ ಎರಡು ವರ್ಷಗಳಲ್ಲಿ ಬೇರೆ ಇಲ್ಲ. ಇಂಗ್ಲಿಷ್ ಪ್ರತಿಯನ್ನು ಈ ಕನ್ನಡ ಪ್ರತಿಯಿಂದಲೇ ಮಾಡಿದೆ. ಪ್ರಾಣಿಗಳ ಹೆಸರಿನ ಅಂತರರಾಷ್ಟ್ರೀಯ ನಿಯಮಾವಳಿ ವಿವರಣೆ ಇಂಥದೇ ಭಾಷೆಯಲ್ಲಿರಬೇಕೆಂದು ಕಡ್ಡಾಯ ಮಾಡಿಲ್ಲ. ಹೆಸರು ಮಾತ್ರ ಲ್ಯಾಟಿನ್ ಲಿಪಿಯಲ್ಲಿರಬೇಕು. ಹಾಗಾಗಿ ಕನ್ನಡದ ಚಿಕ್ಕ ವಿವರಣೆಯನ್ನೂ ಲೇಖನದ ಕೊನೆಗೆ ಸೇರಿಸಿದ್ದೇನೆ.

ಕೆಂಪು ಚೀಟಿ

ಹೊಸ ಹೆಸರು ಊರ್ಜಿತವಾಗಲು ಆ ನಿಯಮಾವಳಿ ಕೇಳುವುದು ಹೆಚ್ಚೇನಿಲ್ಲ, ಆದರೆ ಕೇಳಿದ್ದನ್ನು ಬಿಡುವಂತಿಲ್ಲ. ಹೆಸರು ಹೊಸದೆಂದು ಸ್ಪಷ್ಟವಾಗಿ ಹೇಳಬೇಕು. ಬೇರೆಯವುಗಳಿಂದ ಇದು ಹೇಗೆ ಬೇರೆ ಎಂದು ಬರೆಯಬೇಕು. ಒಂದು ಮಾದರಿಯನ್ನು ಹೋಲೋಟೈಪ್, ಅಂದರೆ ಆ ಹೆಸರಿಗೆ ಆಧಾರವಾಗುವ ಮೂಲ ಮಾದರಿ, ಎಂದು ಗೊತ್ತುಮಾಡಿ, ಅದು ಯಾವ ಸಂಗ್ರಹದಲ್ಲಿರುತ್ತದೆ ಎಂದು ತಿಳಿಸಬೇಕು. ಅಂತರ್ಜಾಲದಲ್ಲಷ್ಟೇ ಬರುವ ಪತ್ರಿಕೆಯಾದರೆ 2012ರ ತಿದ್ದುಪಡಿಯಂತೆ ಪ್ರಾಣಿಗಳ ಹೆಸರಿನ ಅಂತರ್ಜಾಲ ದಾಖಲೆಯಾದ ಜೂಬ್ಯಾಂಕಿನಲ್ಲಿ ಮೊದಲೇ ನೋಂದಾಯಿಸಬೇಕು. ನಮ್ಮ ದೇಶದ 2002ರ ಜೀವವೈವಿಧ್ಯ ಕಾಯಿದೆಯಂತೆ ಹೊಸ ಪ್ರಭೇದದ ಮಾದರಿಯನ್ನು ಗೊತ್ತುಪಡಿಸಿದ ಸಂಸ್ಥೆಗೆ ಒಪ್ಪಿಸಲೇಬೇಕು. ಪ್ರಾಣಿಗಳಿಗೆ ಅದು ಕೋಲ್ಕತ್ತದ ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆ. ಹುಳುವಿನ ಹೆಸರಿನ ವಿವರವೆಲ್ಲ ಸೇರಿದ ಚೀಟಿಯನ್ನು ಬರೆದಿಟ್ಟಿದ್ದೇನೆ. ಆಯ್ದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ವಿವರಣೆ ಪ್ರಕಟವಾಗುವ ಮೊದಲು ಹೆಸರು ಓಡಾಡತೊಡಗಿದರೆ ಅದು ಬರೀ ಬೆತ್ತಲೆ ಹೆಸರಾಗಿ ಮುಂದೆ ಗೊಂದಲ ತರುತ್ತದೆ.

ಹೋಲೋಟೈಪಿಗೆ ಆರಿಸಿದ್ದು ಅತಿ ದೊಡ್ಡ ಕೊಂಬಿನ ಹುಳುವನ್ನಲ್ಲ. ಅದರ ಎಡ ಮೀಸೆ ಮುರಿದಿದೆ. ಎಲ್ಲ ಅಂಗಗಳೂ ಸರಿಯಾಗಿರುವ, ಜನನಾಂಗವನ್ನು ಬಿಡಿಸಿ ಗ್ಲಿಸರಿನ್ ಶೀಶೆಯಲ್ಲಿ ಅದೇ ಸೂಜಿಗೆ ಚುಚ್ಚಿರುವ, 7.1 ಮಿಲಿಮೀಟರಿನ ಗಂಡನ್ನು ಆರಿಸಿದೆ. ಅದರ ಕೆಳಗೆ ಮೂರು ಚೀಟಿ: ಸ್ಥಳ ಮತ್ತು ದಿನ, ‘ದೇವರ ಎತ್ತಿನ ಸೆಗಣಿಯಿಂದ, ನೀರಿನಲ್ಲಿ ತೇಲಿಸಿ’ ಎಂಬ ವಿಧಾನದ ಚೀಟಿ, ಮತ್ತು ಹೋಲೋಟೈಪ್ ಎಂದು ತೋರಿಸುವ ವಾಡಿಕೆಯ ಕೆಂಪು ಚೀಟಿ. ಕಿಲಾರಿಯನ್ನು ಮನೆಗೆ ಕರೆದು ಅದನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದೆ. ಬಹಳ ಹೊತ್ತು ನೋಡಿ, ತಮ್ಮ ಮಂದೆಯ ಒಂದು ಎತ್ತಿನ ಹೆಸರು ಹೇಳಿ, ಅದರ ಕೊಂಬೂ ಹೀಗೇ ತುದಿಯಲ್ಲಿ ಒಳಕ್ಕೆ ತಿರುಗಿದೆ ಎಂದರು. ಮರುದಿನ ಹೋಗಿ ನೋಡಿ ಬಂದೆ. ತಿರುಗಿದೆ.

ಲೇಖನ ಪರಿಶೀಲಕರಿಂದ ಕಳೆದ ವಾರ ಮರಳಿ ಬಂದಿದೆ. ಒಬ್ಬರು ಹೆಣ್ಣಿನ ಹೊಟ್ಟೆಯ ತುದಿಫಲಕದ ಅಳತೆ ಕೇಳಿದ್ದಾರೆ. ಅದು ಒಂದು ಸಂಜೆಯ ಕೆಲಸ. ಇನ್ನೊಬ್ಬರದು ಕಷ್ಟದ ಪ್ರಶ್ನೆ: ಪ್ಯಾರಾಮೀರ್ ಮಾತ್ರ ಸಾಲದು, ಒಳಗಿನ ಚೀಲದಲ್ಲಿರುವ ಗಟ್ಟಿ ತುಣುಕುಗಳ ಚಿತ್ರವೂ ಬೇಕು, ಹತ್ತಿರದ ಪ್ರಭೇದದೊಂದಿಗೆ ಹೋಲಿಸಿ. ಅವರು ಕೇಳಿದ್ದು ನ್ಯಾಯವಾಗಿದೆ. ನಾನು ಆ ಚೀಲವನ್ನು ಇದುವರೆಗೆ ಹರಿಯದೆ ಬಿಡಿಸಿಲ್ಲ. ಬಿಡಿಸದ ಗಂಡುಗಳು ಇನ್ನೂ ಒಂಬತ್ತು ಇವೆ. ಮೊದಲ ಎರಡನ್ನು ಬರುವ ಭಾನುವಾರ ಬಿಸಿನೀರಿಗೆ ಹಾಕುತ್ತೇನೆ.